ಕಾರಿನಲ್ಲಿ ‘ಧಂ ಧಂ’ ಹೆಚ್ಚಿಸುವ ಮುನ್ನ

ಹುಮನಾಬಾದಿನಿಂದ ಬಸವಕಲ್ಯಾಣದ ಕಡೆಗೆ ಹೆದ್ದಾರಿ ಹಿಡಿದರೆ ಹಾಡು ಬೇಕೆನಿಸುವುದು ಸಹಜ. ಆದರೆ ಡೊಳ್ಳಿನ ಪೆಟ್ಟು ಟಯರಿನ ಸದ್ದಿನಲ್ಲಿ ಕರಗಿಹೋಗುತ್ತದೆ. ‘ಸಬ್‌ವೂಫರ್ ಹಾಕಿಸೋಣ’ ಎನ್ನುತ್ತಾನೆ ಮಗ. ‘ಕಂಪನಿ ಕೊಟ್ಟ ಸ್ಟೀರಿಯೊಗೆ ಏನಾಗಿದೆ?’ ಎನ್ನುತ್ತಾರೆ ತಂದೆ. ಇಬ್ಬರ ಮಾತಿನಲ್ಲೂ ಹುರುಳಿದೆ.

ನಮ್ಮ ಕಿವಿಗೆ ಕೇಳುವುದು 20ರಿಂದ 20,000 ಹರ್ಟ್ಜ್‌ವರೆಗಿನ ಧ್ವನಿ. ಸಬ್‌ವೂಫರ್‌ನ ಪಾಲು ಇದರ ತಳಭಾಗ, ಸುಮಾರು 80 ಹರ್ಟ್ಜ್‌ಗಿಂತ ಕೆಳಗಿನದು. 50 ಹರ್ಟ್ಜ್ ಸ್ವರದ ತರಂಗದೂರ ಹತ್ತಿರ ಹತ್ತಿರ 7 ಮೀಟರ್, ಕಾರಿಗಿಂತಲೂ ಉದ್ದ! ಇದಕ್ಕೆ ಬಹಳ ಗಾಳಿಯನ್ನು ತಳ್ಳಬೇಕು. ಬಾಗಿಲಿನ ಪುಟ್ಟ ಸ್ಪೀಕರಿನಿಂದ ಅದು ಆಗದ ಕೆಲಸ.

ಸ್ಟೀರಿಯೊದ ಶಕ್ತಿಯೂ ಅಷ್ಟಕ್ಕಷ್ಟೇ. 12 ವೋಲ್ಟ್ ಬ್ಯಾಟರಿಯಿಂದ ಒಂದೊಂದು ಸ್ಪೀಕರಿಗೆ ಸಾಮಾನ್ಯವಾಗಿ ಸಿಗುವುದು 15–20 ವ್ಯಾಟ್. ಸಣ್ಣ ಸ್ಪೀಕರು ಹರಿಯದಿರಲೆಂದು ಕೆಲವು ಸ್ಟೀರಿಯೊಗಳು ವಾಲ್ಯೂಮ್ ಏರಿದಂತೆ ಬಾಸನ್ನು ತಾವೇ ತಗ್ಗಿಸುತ್ತವೆ.

ಹಾಗೆಂದು ಸ್ಟೀರಿಯೊ ಕಿತ್ತೆಸೆಯಬೇಕಿಲ್ಲ. ಹಿಂದಿನ ಸ್ಪೀಕರಿನ ವೈರಿನಿಂದಲೇ ಸಂಕೇತ ಪಡೆಯುವ ಆಂಪ್ಲಿಫೈಯರ್‌ಗಳಿವೆ. ಇಲ್ಲವಾದರೆ ‘ಲೈನ್ ಔಟ್‌ಪುಟ್ ಕನ್ವರ್ಟರ್’ ಎಂಬ ಚಿಕ್ಕ ಡಬ್ಬಿ ಸಾಕು. ಫಿಲ್ಟರನ್ನು 80 ಹರ್ಟ್ಜ್ ಸುಮಾರಿಗೆ ನಿಲ್ಲಿಸಿ. ಸ್ಟೀರಿಯೊ ವಾಲ್ಯೂಮನ್ನು ಮುಕ್ಕಾಲಿಗೆ ಇಟ್ಟು, ಧ್ವನಿ ಒಡೆಯುವ ತನಕ ‘ಗೇನ್’ ಏರಿಸಿ. ಬಳಿಕ ಸ್ವಲ್ಪ ಇಳಿಸಿ.

ಸಬ್‌ವೂಫರ್ ಇದ್ದೂ ಬಾಸ್ ಸಪ್ಪೆಯೆ? ಕಾಸಿಲ್ಲದ ಉಪಾಯವೊಂದಿದೆ. ಸಬ್‌ವೂಫರ್‌ನ ಎರಡು ವೈರುಗಳನ್ನು ಅದಲುಬದಲು ಮಾಡಿ ಕೇಳಿ. ಬಾಗಿಲಿನ ಸ್ಪೀಕರು ಗಾಳಿಯನ್ನು ಮುಂದಕ್ಕೆ ನೂಕುವಾಗ ಇದು ಹಿಂದಕ್ಕೆಳೆದರೆ ಎರಡು ತರಂಗಗಳೂ ಒಂದನ್ನೊಂದು ಅಳಿಸಿಹಾಕುತ್ತವೆ. ಭೌತಶಾಸ್ತ್ರದ ಪುಸ್ತಕದಲ್ಲಿ ಓದಿದ ‘ವ್ಯತಿಕರಣ’ ಇದೇ. ಪೆಟ್ಟಿಗೆಯನ್ನು ಡಿಕ್ಕಿಯ ಮೂಲೆಗೆ ಸರಿಸಿಯೂ ನೋಡಿ.

‘ದೊಡ್ಡ ಆಂಪ್ಲಿಫೈಯರ್ ತಂದರಾಯಿತು’ ಎನ್ನುವವರು ಈ ಲೆಕ್ಕ ಗಮನಿಸಲಿ. ವ್ಯಾಟ್ ಇಮ್ಮಡಿಯಾದರೆ ಧ್ವನಿ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಇಮ್ಮಡಿ ಅನ್ನಿಸಲು ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು!

ಇನ್ನು ಪಾಲಕರು ಕೇಳಲೇಬೇಕಾದ ಮಾತು. 300 ವ್ಯಾಟ್ ಆಂಪ್ಲಿಫೈಯರ್ ಪೂರ್ಣ ಶಕ್ತಿಯಲ್ಲಿ 12 ವೋಲ್ಟಿಗೆ 25 ಆಂಪಿಯರ್‌ಗೂ ಹೆಚ್ಚು ವಿದ್ಯುತ್ ಎಳೆಯುತ್ತದೆ. ಸ್ಟೀರಿಯೊದ ತೆಳು ವೈರಿನಿಂದ ಅದನ್ನು ಎಳೆದರೆ ವೈರು ಕಾದು ಬೆಂಕಿ ಹೊತ್ತಿಕೊಳ್ಳಬಹುದು. ಬ್ಯಾಟರಿಯಿಂದ ದಪ್ಪನೆಯ ಪ್ರತ್ಯೇಕ ವೈರು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು, ಬಣ್ಣ ಕೆರೆದ ಗಟ್ಟಿ ಲೋಹಕ್ಕೆ ಅರ್ತಿಂಗ್ – ಈ ಮೂರರಲ್ಲಿ ಉಳಿತಾಯ ಬೇಡ. ಬಸವಕಲ್ಯಾಣದ ಆಟೊನಗರದಲ್ಲಿ ಲಾರಿ ವೈರಿಂಗ್ ಬಲ್ಲವರಿದ್ದಾರೆ. ಆದರೆ ಅನೇಕ ಭಾರಿ ಲಾರಿಗಳದು 24 ವೋಲ್ಟ್. ಸಾಮಾನು ಕಾರಿನದೇ ಎಂದು ಖಚಿತಪಡಿಸಿಕೊಳ್ಳಿ. ವೈರು ಕತ್ತರಿಸಿದರೆ ವಾರಂಟಿಗೆ ತೊಡಕಾದೀತೆ ಎಂದೂ ಮೊದಲೇ ವಿಚಾರಿಸಿ.

ಕೊನೆಯ ಮಾತು ಕಿವಿಯದು. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಾಳಬಹುದೆಂದು ತಜ್ಞರ ಲೆಕ್ಕ. ಅಲ್ಲಿಂದ ಪ್ರತಿ 3 ಡೆಸಿಬೆಲ್‌ಗೆ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲ್‌ಗೆ ಬರೀ 15 ನಿಮಿಷ. ಹುಮನಾಬಾದಿನಿಂದ ಬಸವಕಲ್ಯಾಣ ಮುಟ್ಟುವುದರೊಳಗೇ ಈ ಮಿತಿ ಮುಗಿದಿರುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಶಾಲೆ, ಆಸ್ಪತ್ರೆಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯವಾಗಬಹುದು ಎಂಬುದೂ ನೆನಪಿರಲಿ. ಕಾರು ಬದಲಾಯಿಸಬಹುದು, ಸ್ಟೀರಿಯೊ ಬದಲಾಯಿಸಬಹುದು. ಕೆಟ್ಟ ಕಿವಿಯನ್ನು ಬದಲಾಯಿಸಲಾಗದು.