ಲಾಯೋಲ್ ಚಾಕು: ಊರಿನ ಹೆಸರಿಗೆ ಒಡೆಯರು ಯಾರು?

ಹೋಟೆಲು ಉದ್ಯೋಗದಲ್ಲಿರುವವರಿಗೆ ಚಾಕುವಿನ ಯೋಗ್ಯತೆಯನ್ನು ಯಾರೂ ವಿವರಿಸಬೇಕಾದುದಿಲ್ಲ. ಈರುಳ್ಳಿ ಹೆಚ್ಚುವ ಅಲಗು ಒಳ್ಳೆಯದೋ ಕೆಟ್ಟದೋ ಎಂಬುದು ಅರ್ಧ ಗಂಟೆಯೊಳಗೆ ಮಣಿಕಟ್ಟಿಗೇ ತಿಳಿದುಬಿಡುತ್ತದೆ. ಆದರೆ ಫ್ರಾನ್ಸ್ ದೇಶದಲ್ಲಿ ಒಂದು ಮಡಿಚುವ ಚಾಕುವಿನ ಹೆಸರಿಗಾಗಿಯೇ ವರ್ಷಾನುಗಟ್ಟಲೆ ವ್ಯಾಜ್ಯ ನಡೆದ ಸಂಗತಿ ನಮ್ಮಲ್ಲಿ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಆ ಚಾಕುವಿನ ಚರಿತ್ರೆಗೂ ಊರು ಬಿಟ್ಟು ಹೋಟೆಲು ಸೇರಿದವರ ಚರಿತ್ರೆಗೂ ನಂಟಿರುವುದರಿಂದ ಅದನ್ನು ವಾಚಕರ ಮುಂದಿಡುವುದು ಉಚಿತವೆಂದು ತೋರುತ್ತದೆ.

ಫ್ರಾನ್ಸಿನ ದಕ್ಷಿಣಕ್ಕೆ ಅವೆರೋನ್ ಎಂಬ ಜಿಲ್ಲೆಯಿದೆ. ಅಲ್ಲಿ ಸುಮಾರು 1,000 ಮೀಟರ್ ಎತ್ತರದ ಹುಲ್ಲುಗಾವಲಿನ ನಾಡಿನಲ್ಲಿರುವ ಚಿಕ್ಕ ಊರೇ ಲಾಯೋಲ್. 1829ರಲ್ಲಿ ಕಾಲ್ಮೆಲ್ ಎಂಬ ಕುಶಲಕರ್ಮಿಯು ಇಲ್ಲಿ ಈ ಚಾಕುವನ್ನು ರೂಪಿಸಿದನೆಂಬುದು ಪ್ರತೀತಿ. ತೆಳ್ಳಗೆ ಬಾಗಿದ ಹಿಡಿ, ಸ್ಪ್ರಿಂಗಿನ ತುದಿಯಲ್ಲಿ ಒಂದು ಜೇನ್ನೊಣದ ಆಕೃತಿ, ಇವು ಇಂದಿಗೂ ಅದರ ಗುರುತು. ಕೆಲವು ವರ್ಷಗಳ ತರುವಾಯ ದನಗಾಹಿಗಳ ಉಪಯೋಗಕ್ಕೆಂದು ಅದಕ್ಕೊಂದು ದಬ್ಬಳ ಸೇರಿತು. ಬಿರಡೆ ತೆಗೆಯುವ ತಿರುಪು ಸೇರಿದುದು ಸುಮಾರು 1880ರಲ್ಲಿ. ದನಗಾಹಿಗೆ ಬಾಟಲಿಯ ತಿರುಪೇಕೆ? ಚಳಿ ಹೆಚ್ಚು, ಬೆಳೆ ಕಡಮೆ ಎಂಬ ಆ ನಾಡಿನಿಂದ ತರುಣರು ಪ್ಯಾರಿಸಿಗೆ ವಲಸೆ ಹೋಗತೊಡಗಿದ್ದರು. ಅಲ್ಲಿ ನೀರು ಹೊತ್ತರು, ಇದ್ದಲು ಮಾರಿದರು, ಬರಬರುತ್ತಾ ಕಾಫಿ ಗೃಹಗಳನ್ನೂ ಮದ್ಯದಂಗಡಿಗಳನ್ನೂ ತೆರೆದರು. ಅವರ ಜೇಬಿನಲ್ಲಿದ್ದ ಊರ ಚಾಕುವಿಗೆ ಹೊಸ ಕಸುಬು ಒಂದು ತಿರುಪನ್ನು ಜೋಡಿಸಿತು. ಪ್ಯಾರಿಸ್ಸಿನ ಸುಪ್ರಸಿದ್ಧ ಲಿಪ್ ಭೋಜನಶಾಲೆಯನ್ನು 1920ರಲ್ಲಿ ಕೊಂಡು ಅದಕ್ಕೆ ಕೀರ್ತಿ ತಂದ ಮಾರ್ಸೆಲೆನ್ ಕಾಜ್ ಹುಟ್ಟಿದುದೂ ಲಾಯೋಲಿನಲ್ಲಿಯೇ. ಮಾಟುಂಗದ ಹೋಟೆಲುಗಳ ಕಥೆಯನ್ನು ಬಲ್ಲ ನಮ್ಮವರಿಗೆ ಇದು ಪರದೇಶದ ವರ್ತಮಾನವೆನಿಸಲಾರದು.

ಇಪ್ಪತ್ತನೆಯ ಶತಮಾನದಲ್ಲಿ ಊರಿನ ಕಸುಬು ಕ್ಷೀಣಿಸಿತು. ಚಾಕುವಿನ ತಯಾರಿಕೆಯೆಲ್ಲವೂ ಬಹುಮಟ್ಟಿಗೆ ದೂರದ ತಿಯೇರ್ ಪಟ್ಟಣದ ಪಾಲಾಯಿತು. ಊರವರು ಎಚ್ಚತ್ತುದು 1980ರ ದಶಕದಲ್ಲಿ. 1987ರಲ್ಲಿ ಅಲ್ಲಿಯೇ ಒಂದು ಕಾರ್ಖಾನೆ ಸ್ಥಾಪಿತವಾಯಿತು. ಅದರ ಮಾಳಿಗೆಯ ಮೇಲೆ ಆಕಾಶಕ್ಕೆ ಚಾಚಿದ ದೊಡ್ಡದೊಂದು ಲೋಹದ ಅಲಗನ್ನು ಇಂದಿಗೂ ಕಾಣಬಹುದು.

ಅಷ್ಟರಲ್ಲಿ, 1993ರಲ್ಲಿ, ಪ್ಯಾರಿಸ್ ಕಡೆಯ ಒಬ್ಬ ವ್ಯಾಪಾರಿಯು ‘ಲಾಯೋಲ್’ ಎಂಬ ಹೆಸರನ್ನು ತನ್ನ ವ್ಯಾಪಾರಮುದ್ರೆಯೆಂದು ನೋಂದಾಯಿಸಿಬಿಟ್ಟನು. ಚಾಕುವಿಗೆ ಮಾತ್ರವಲ್ಲ, ಬಟ್ಟೆಬರೆ, ಮೇಜಿನ ವಸ್ತ್ರ ಮೊದಲಾದ ನಾನಾ ಬಗೆಯ ಸರಕುಗಳಿಗೂ. ಆ ಊರಿಗೂ ಆತನಿಗೂ ಯಾವ ಸಂಬಂಧವೂ ಇರಲಿಲ್ಲ. ಶುಲ್ಕ ತೆತ್ತ ಕಂಪೆನಿಗಳಿಗೆ ಹೆಸರಿನ ಪರವಾನಗಿ ದೊರೆಯಿತು. ಅವು ಏಷ್ಯದಲ್ಲಿ ತಯಾರಾದ ಅಗ್ಗದ ಮಾಲನ್ನು ತರಿಸಿ ಅದೇ ಹೆಸರಿನಿಂದ ಮಾರಿದುವು. ಆಕೃತಿಯನ್ನು ನಕಲು ಮಾಡಬಾರದೆನ್ನೋಣವೆಂದರೆ, ವಿನ್ಯಾಸದ ಹಕ್ಕು ಯುರೋಪಿನಲ್ಲಿ ಹೆಚ್ಚೆಂದರೆ 25 ವರ್ಷ. 1829ರ ರೂಪಕ್ಕೆ ಯಾವ ಕಾನೂನಿನ ಕಾವಲು? ಹೀಗೆ ರೂಪವು ಎಲ್ಲರ ಸ್ವತ್ತಾಯಿತು, ಹೆಸರು ಒಬ್ಬನ ಸ್ವತ್ತಾಯಿತು, ಊರವರ ಕೈಗೆ ಎರಡೂ ಇಲ್ಲವಾದುವು.

ಗ್ರಾಮಸಭೆಯು ದಾವೆ ಹೂಡಿತು, 2012ರಲ್ಲಿ ಸೋತಿತು. ರೋಷಗೊಂಡ ಜನರು ಊರಿನ ನಾಮಫಲಕವನ್ನೇ ಕಳಚಿಹಾಕಿದರು. ಹೆಸರು ನಮ್ಮದಲ್ಲವೆಂದ ಮೇಲೆ ಫಲಕವೇಕೆ ಎಂಬುದು ಅವರ ವಾದ. 2014ರಲ್ಲಿ ಮೇಲ್ಮನವಿಯಲ್ಲಿಯೂ ಸೋಲೇ. ‘ಲಾಯೋಲ್’ ಎಂಬುದು ಒಂದು ಬಗೆಯ ಚಾಕುವಿನ ಸಾಮಾನ್ಯ ನಾಮವಾಗಿ ಹೋಗಿದೆಯೆಂಬ ಅಭಿಪ್ರಾಯವನ್ನು ಫ್ರೆಂಚ್ ನ್ಯಾಯಾಧೀಶರು ಅದಕ್ಕೂ ಮೊದಲೇ ಸೂಚಿಸಿದ್ದರು. ಕಸುಬನ್ನು ಬಹುಕಾಲ ಪರರಿಗೆ ಬಿಟ್ಟುಕೊಟ್ಟ ಊರಿನ ಪಾಲೂ ಇದರಲ್ಲಿದೆಯೆನ್ನದೆ ವಿಧಿಯಿಲ್ಲ. ಆದರೆ 2016ರಲ್ಲಿ ಅತ್ಯುಚ್ಚ ನ್ಯಾಯಾಲಯವು ಮೊಕದ್ದಮೆಯನ್ನು ಪುನರ್ವಿಚಾರಣೆಗೆ ಕಳುಹಿಸಿತು. 2019ರ ಮಾರ್ಚಿಯಲ್ಲಿ ಪ್ಯಾರಿಸ್ಸಿನ ಮೇಲ್ಮನವಿ ನ್ಯಾಯಾಲಯವು ಆ ವ್ಯಾಪಾರಿಯ ಮುದ್ರೆಗಳಲ್ಲಿ ಬಹುಪಾಲನ್ನು ರದ್ದುಗೊಳಿಸಿತು.

ಭೌಗೋಳಿಕ ಗುರುತಿನ ಶಾಸನವನ್ನು ಭಾರತವು 1999ರಲ್ಲಿಯೇ ಮಾಡಿ 2003ರಲ್ಲಿ ಜಾರಿಗೆ ತಂದಿತು. ಚನ್ನಪಟ್ಟಣದ ಬೊಂಬೆ, ಮೈಸೂರು ರೇಷ್ಮೆ, ಉಡುಪಿಯ ಮಟ್ಟುಗುಳ್ಳ ಇವೆಲ್ಲ ಅದರ ಆಶ್ರಯದಲ್ಲಿವೆ. ಫ್ರಾನ್ಸು ಇಂಥ ರಕ್ಷಣೆಯನ್ನು ಕೈಗಾರಿಕೆಯ ವಸ್ತುಗಳಿಗೆ ವಿಸ್ತರಿಸಿದುದು 2014ರಲ್ಲಿ. ಈ ವಿಷಯದಲ್ಲಿ ನಾವೇ ಮುಂದು. ಆದರೆ ನಮ್ಮ ಶಾಸನವು ಸರಕುಗಳಿಗಷ್ಟೇ ಅನ್ವಯಿಸುತ್ತದೆ, ಹೋಟೆಲಿನ ಬೋರ್ಡಿಗಲ್ಲ. ‘ಉಡುಪಿ’ ಎಂಬ ಮೂರಕ್ಷರವನ್ನು ಬರೆಯಿಸುವವನು ಉಡುಪಿಯನ್ನು ಕಂಡಿರಬೇಕೆಂಬ ನಿಯಮ ಅದರಲ್ಲಿಲ್ಲ.

ಲಾಯೋಲಿನ ನಾಮಫಲಕವೇನೋ ಸ್ವಸ್ಥಾನಕ್ಕೆ ಮರಳಿದೆ. ಜೇನ್ನೊಣ ಹೊತ್ತ ಅಗ್ಗದ ಚಾಕುಗಳು ಮಾತ್ರ ಪೇಟೆಯಿಂದ ಮಾಯವಾಗಿಲ್ಲ. ಆದುದರಿಂದ ಅಲ್ಲಿಯ ಕಸುಬುದಾರರು ಅಲಗಿನ ಬುಡದಲ್ಲಿ ಊರಿನ ಹೆಸರಿನೊಡನೆ ತಮ್ಮ ಕಾರ್ಖಾನೆಯ ಮುದ್ರೆಯನ್ನೂ ಒತ್ತುತ್ತಾರೆ; ತಿಳಿದ ಗಿರಾಕಿಗಳು ನೊಣವನ್ನು ಬಿಟ್ಟು ಆ ಮುದ್ರೆಯನ್ನು ಓದಿಯೇ ಹಣ ಎಣಿಸುತ್ತಾರೆ.