ಆಟದ ಡ್ರೋನಿಗೆ ಆಕಾಶವೆಲ್ಲಿ?

ನೆಲಕ್ಕೆ ಒಡೆಯನುಂಟು, ಕೆರೆಯ ನೀರಿಗೆ ಪಾಳಿಯುಂಟು. ಆಕಾಶವೊಂದು ಮಾತ್ರ ಎಲ್ಲರಿಗೂ ಸೇರಿದ್ದೆಂದು ನಮ್ಮ ಹಿರಿಯರು ತಿಳಿದಿದ್ದರು. ಆಷಾಢದ ಗಾಳಿ ಬೀಸತೊಡಗಿದ ಕೂಡಲೆ ಹುಡುಗರು ಮಾಳಿಗೆಯೇರಿ ಪಟ ಹಾರಿಸುತ್ತಿದ್ದರು. ಅದಕ್ಕೆ ಯಾರ ಅಪ್ಪಣೆಯನ್ನೂ ಕೇಳುವ ಪರಿಪಾಠವಿರಲಿಲ್ಲ. ಆದರೆ ಕಾಯಿದೆಯ ಕಣ್ಣಿಗೆ ಆ ಪಟವೂ ವಿಮಾನವೇ ಆಗಿತ್ತೆಂಬ ಸಂಗತಿ ನಮ್ಮ ವಾಚಕರಲ್ಲಿ ಬಹುಜನರಿಗೆ ತಿಳಿದಿರಲಾರದು. ೧೯೩೪ನೆಯ ಇಸವಿಯ ವಿಮಾನ ಕಾಯಿದೆಯು ವಿಮಾನವೆಂಬ ಶಬ್ದಕ್ಕೆ ಕೊಟ್ಟ ವ್ಯಾಖ್ಯೆಯಲ್ಲಿ ಬಲೂನು, ಗ್ಲೈಡರುಗಳ ಸಾಲಿನಲ್ಲಿಯೇ ಗಾಳಿಪಟವನ್ನೂ ಕೂಡ್ರಿಸಿತ್ತು. ಆ ಕಾಯಿದೆಯು ತೊಂಬತ್ತು ವರ್ಷಗಳ ಕಾಲ ನಡೆದು, ೨೦೨೫ನೆಯ ಜನವರಿ ೧ರಂದು ಭಾರತೀಯ ವಾಯುಯಾನ ಅಧಿನಿಯಮಕ್ಕೆ ಎಡೆಗೊಟ್ಟಿತು. ಅಷ್ಟು ಕಾಲದಲ್ಲಿ, ಕೇವಲ ಪಟ ಹಾರಿಸಿದನೆಂದು ಹುಡುಗನನ್ನು ಠಾಣೆಗೆ ಕರೆದೊಯ್ದ ಪೋಲೀಸಿನವನನ್ನು ನಾವು ಕಂಡುದಿಲ್ಲ. ಡ್ರೋನು ಹಾರಿಸಿದವನನ್ನು ಕರೆದೊಯ್ದುದನ್ನು ಮಾತ್ರ ಕಣ್ಣಾರೆ ಕಂಡೆವು. ಅದೇ ಈ ಲೇಖನಕ್ಕೆ ನಿಮಿತ್ತ.

ಕಳೆದ ಸುಗ್ಗಿ ತೀರಿದ ಮೇಲೆ ಒಂದು ಆದಿತ್ಯವಾರ ಬೆಳಿಗ್ಗೆ ನಮ್ಮ ಕಾರ್ಯಾಲಯದ ಗುಮಾಸ್ತರೊಬ್ಬರು ಏದುಸಿರು ಬಿಡುತ್ತ ಮನೆಗೆ ಬಂದರು. "ರಾಯರೇ, ಹುಡುಗನನ್ನು ಠಾಣೆಯಲ್ಲಿ ಕೂಡ್ರಿಸಿದ್ದಾರೆ. ಕಳವು ಮಾಡಿದವನಲ್ಲ, ಜಗಳಾಡಿದವನಲ್ಲ, ತಾನೇ ಕಟ್ಟಿದ ಡ್ರೋನನ್ನು ಕೊಯ್ದ ಜೋಳದ ಹೊಲದ ಮೇಲೆ ಹಾರಿಸಿದನಂತೆ" ಎಂದರು. ಅವರ ಮಗ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ. ಬಿಡಿ ಭಾಗಗಳನ್ನು ತರಿಸಿ, ಒಂದು ಕಿಲೋಗ್ರಾಮಿಗೂ ಕಡಿಮೆ ತೂಕದ ಯಂತ್ರವನ್ನು ಆರು ತಿಂಗಳು ದುಡಿದು ಕಟ್ಟಿದವನು. ನಾವು ಹೋದಾಗ ಯಂತ್ರವು ಫೌಜದಾರರ ಮೇಜಿನ ಮೇಲಿತ್ತು, ಹುಡುಗನು ಬೆಂಚಿನ ತುದಿಯಲ್ಲಿದ್ದನು. ಅವನು ತನ್ನ ಯಂತ್ರದ ನೋಂದಣಿ ಸಂಖ್ಯೆಯನ್ನು ತೋರಿಸಿದನು. ಕೈಯೊಳಗಿನ ಫೋನಿನಲ್ಲಿ ಸರಕಾರದ ನಕ್ಷೆಯನ್ನು ತೆರೆದು, ಆ ಹೊಲವು ಹಸಿರು ವಲಯದಲ್ಲಿರುವದನ್ನೂ ತೋರಿಸಿದನು. ಫೌಜದಾರರು ಬಹಳ ಹೊತ್ತು ಅದನ್ನು ನೋಡಿ, "ಈ ನಕ್ಷೆಯನ್ನು ನನಗೆ ಇದುವರೆಗೆ ಯಾರೂ ತೋರಿಸಿರಲಿಲ್ಲ, ರಾಯರೇ. ಡ್ರೋನು ಕಂಡರೆ ಹಿಡಿಯಿರಿ ಎಂದರು, ಹಿಡಿದೆವು. ನಾಳೆ ಏನಾದರೂ ಆದರೆ ಹೋಗುವದು ನನ್ನ ನೌಕರಿ" ಎಂದರು. ಅವರ ಮಾತಿನಲ್ಲಿ ಕಪಟವಿರಲಿಲ್ಲ. ಹುಡುಗನಲ್ಲಿಯೂ ಎರಡು ತಪ್ಪುಗಳಿದ್ದವು: ಹೊಲದ ಒಡೆಯನನ್ನು ಕೇಳಿರಲಿಲ್ಲ, ಯಂತ್ರಕ್ಕೆ ವಿಮೆ ಮಾಡಿಸಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬುದ್ಧಿ ಹೇಳಿಸಿಕೊಂಡು ಹುಡುಗನು ಮನೆಗೆ ಬಂದನು. ಯಂತ್ರವು ಬರಲು ಹನ್ನೊಂದು ದಿವಸ ಹಿಡಿಯಿತು.

ಈ ಪ್ರಸಂಗದಲ್ಲಿ ಯಾರನ್ನೂ ದೂರುವದು ನಮ್ಮ ಉದ್ದೇಶವಲ್ಲ. ಕಾಯಿದೆಯು ಒಂದನ್ನು ಹೇಳುತ್ತಿರುವಾಗ ಹೊಲದ ಬದುವಿನಲ್ಲಿ ಇನ್ನೊಂದು ನಡೆಯುವದೇಕೆಂಬುದೇ ನಮ್ಮ ಪ್ರಶ್ನೆ.

ಮೊದಲು ಕಾಯಿದೆಯ ಸ್ಥಿತಿಯನ್ನು ನೋಡುವಾ. ೨೦೧೪ನೆಯ ಅಕ್ಟೋಬರಿನಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಒಂದು ಪ್ರಕಟಣೆಯಿಂದ ಖಾಸಗಿ ಜನರು ಡ್ರೋನು ಹಾರಿಸುವದನ್ನೇ ತಡೆದಿತ್ತು. ೨೦೧೮ರ ಡಿಸೆಂಬರಿನಿಂದ ಕಟ್ಟುಕಟ್ಟಳೆಗಳೊಡನೆ ಬಾಗಿಲು ತುಸು ತೆರೆಯಿತು. ೨೦೨೧ನೆಯ ಜೂನ್ ೨೭ರಂದು ಜಮ್ಮುವಿನ ವಾಯುಪಡೆಯ ನೆಲೆಯ ಮೇಲೆ ಡ್ರೋನುಗಳಿಂದ ಸ್ಫೋಟಕಗಳು ಬಿದ್ದವು. ಆಗ ಸರಕಾರವು ಬಾಗಿಲನ್ನು ಪುನಃ ಮುಚ್ಚೀತೆಂದು ಅನೇಕರು ಬಗೆದರು. ಆದರೆ ಎರಡು ತಿಂಗಳಾಗುವಷ್ಟರಲ್ಲಿ, ಆಗಸ್ಟ್ ೨೫ರಂದು, ಮೊದಲಿನ ನಿಯಮಗಳಿಗಿಂತ ಎಷ್ಟೋ ಉದಾರವಾದ ಡ್ರೋನ್ ನಿಯಮಗಳು ಪ್ರಕಟವಾದವು. ಶತ್ರುವು ಕಳಿಸುವ ಯಂತ್ರಕ್ಕೂ ವಿದ್ಯಾರ್ಥಿಯು ಕಟ್ಟುವ ಯಂತ್ರಕ್ಕೂ ಅಂತರವಿರುವದನ್ನು ಸರಕಾರವು ಅರಿತಿತೆಂಬುದು ಇದರಿಂದ ಸ್ಪಷ್ಟ.

ಆ ನಿಯಮಗಳ ಸಾರವು ಹೀಗಿರುವದು. ದೇಶದ ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ಮೂರು ವಲಯಗಳಾಗಿ ವಿಂಗಡಿಸಿದೆ. ಹಸಿರಿನಲ್ಲಿ ೪೦೦ ಅಡಿಗಳವರೆಗೆ, ಅಂದರೆ ೧೨೦ ಮೀಟರಿನವರೆಗೆ, ಹಾರಿಸಲು ಯಾರ ಅಪ್ಪಣೆಯೂ ಬೇಡ. ನಡೆಯುತ್ತಿರುವ ವಿಮಾನ ನಿಲ್ದಾಣದ ಮೇರೆಯಿಂದ ೮ ಕಿಲೋಮೀಟರಿಗೂ ೧೨ ಕಿಲೋಮೀಟರಿಗೂ ನಡುವಿನ ಪ್ರದೇಶದಲ್ಲಿ ಈ ಸ್ವಾತಂತ್ರ್ಯವು ೨೦೦ ಅಡಿಗಳಿಗೆ ಮಾತ್ರ. ಅದಕ್ಕಿಂತ ಮೇಲಕ್ಕೆ ಹಳದಿ. ಅಲ್ಲಿ ವಿಮಾನ ಸಂಚಾರ ನಿಯಂತ್ರಣಾಧಿಕಾರಿಗಳ ಅಪ್ಪಣೆ ಬೇಕು. ಕೆಂಪಿನಲ್ಲಿ ಕೇಂದ್ರ ಸರಕಾರದ ಅನುಮತಿಯಿಲ್ಲದೆ ಯಾರೂ ಹಾರಿಸಕೂಡದು. ಈ ವಲಯಗಳನ್ನು ತೋರಿಸುವ ನಕ್ಷೆಯು ೨೦೨೧ನೆಯ ಸೆಪ್ಟೆಂಬರಿನಲ್ಲಿ ಡಿಜಿಟಲ್ ಸ್ಕೈ ಎಂಬ ಸರಕಾರಿ ಜಾಲತಾಣದಲ್ಲಿ ಪ್ರಕಟವಾಯಿತು. ಅದನ್ನು ನೋಡಲು ಹಣ ಬೇಡ, ವಶೀಲಿ ಬೇಡ. ಸ್ಥಳೀಯವಾಗಿ ತುರ್ತು ಒದಗಿದಾಗ ಪೋಲೀಸ್ ಸೂಪರಿಂಟೆಂಡೆಂಟರ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯು ಒಂದು ಪ್ರದೇಶವನ್ನು ತಾತ್ಕಾಲಿಕವಾಗಿ ಕೆಂಪೆಂದು ಸಾರಬಹುದು. ಆದರೆ ಅದನ್ನು ನಕ್ಷೆಯಲ್ಲಿ ಕಾಣಿಸಬೇಕು.

ಯಂತ್ರಗಳನ್ನೂ ತೂಕದ ಮೇಲೆ ವಿಭಾಗಿಸಿದೆ. ೨೫೦ ಗ್ರಾಮಿನವರೆಗಿನದು ನ್ಯಾನೋ. ಅಲ್ಲಿಂದ ೨ ಕಿಲೋಗ್ರಾಮಿನವರೆಗೆ ಮೈಕ್ರೋ. ನ್ಯಾನೋ ಯಂತ್ರವನ್ನೂ, ವ್ಯಾಪಾರಕ್ಕಲ್ಲದೆ ಹಾರಿಸುವ ಮೈಕ್ರೋ ಯಂತ್ರವನ್ನೂ ನಡೆಸುವವನಿಗೆ ಚಾಲಕನ ಪ್ರಮಾಣಪತ್ರವು ಬೇಕಿಲ್ಲ. ಕಣ್ಣಿಗೆ ಕಾಣುವಷ್ಟು ದೂರದಲ್ಲಿಯೇ ವಿನೋದಕ್ಕಾಗಲಿ ವಿದ್ಯಾಭ್ಯಾಸಕ್ಕಾಗಲಿ ಹಾರಿಸುವ ಮಾದರಿ ಯಂತ್ರಕ್ಕೆ ನಮೂನೆಯ ಪ್ರಮಾಣಪತ್ರವೂ ಬೇಡ. ಆದರೆ ನೋಂದಣಿ ಮಾಡಿಸಿ ಸಂಖ್ಯೆಯನ್ನು ಪಡೆಯಬೇಕು. ನ್ಯಾನೋಗಿಂತ ದೊಡ್ಡದಾದರೆ ಪರರಿಗೆ ಆಗಬಹುದಾದ ಹಾನಿಗೆ ವಿಮೆಯಿರಬೇಕು. ಮನುಷ್ಯರನ್ನು ಹೊತ್ತ ವಿಮಾನಕ್ಕೆ ಯಾವಾಗಲೂ ದಾರಿ ಬಿಡಬೇಕು. ಅಪಘಾತವಾದರೆ ೪೮ ಗಂಟೆಗಳೊಳಗೆ ವರದಿ ಒಪ್ಪಿಸಬೇಕು. ಈ ನಿಯಮಗಳನ್ನು ಮೀರಿದವನಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡವುಂಟು. ಇನ್ನೊಂದು ಮಾತನ್ನು ಪರದೇಶದಲ್ಲಿ ಮಕ್ಕಳಿರುವ ವಾಚಕರಿಗೆ ತಿಳಿಸುವೆವು. ೨೦೨೨ನೆಯ ಫೆಬ್ರವರಿ ೯ರಂದು ವಿದೇಶೀ ಡ್ರೋನುಗಳ ಆಮದು ನಿಷೇಧಿತವಾಯಿತು. ಬಿಡಿ ಭಾಗಗಳನ್ನು ತರಿಸಲು ಅಡ್ಡಿಯಿಲ್ಲ. ಅಮೆರಿಕದಿಂದ ಮೊಮ್ಮಗನಿಗೆಂದು ಪ್ರೀತಿಯಿಂದ ತಂದ ಕೊಡುಗೆಯು ಸುಂಕದ ಕಟ್ಟೆಯಲ್ಲಿಯೇ ಉಳಿಯುವ ಸಂಭವವಿರುವದು.

ಇನ್ನು ಸ್ಥಳದ ವಿಚಾರ. ನಮ್ಮ ಕನ್ನಡ ನಾಡಿನಲ್ಲಿ ಹಸಿರು ನೆಲಕ್ಕೆ ಬಡತನವಿಲ್ಲ. ಆದರೆ ಅದು ಜನರಿರುವ ಕಡೆಗೆ ಕಡಿಮೆ. ಬೆಂಗಳೂರನ್ನೇ ನೋಡಿರಿ: ಉತ್ತರಕ್ಕೆ ದೇವನಹಳ್ಳಿಯ ನಿಲ್ದಾಣ, ಅದರ ಈಚೆಗೆ ಯಲಹಂಕದ ವಾಯುಪಡೆಯ ನೆಲೆ, ೧೯೪೮ರಲ್ಲಿ ಆರಂಭವಾದ ಸರಕಾರಿ ವಿಮಾನ ಶಾಲೆಯಿರುವ ಜಕ್ಕೂರು, ಮೂಡಣಕ್ಕೆ ಹಿಂದುಸ್ಥಾನ್ ಏರೊನಾಟಿಕ್ಸ್ ಸಂಸ್ಥೆಯ ನಿಲ್ದಾಣ. ಈ ವರ್ತುಲಗಳು ಒಂದನ್ನೊಂದು ಹೊದೆದು ನಗರದ ಬಹುಭಾಗವನ್ನು ಮುಚ್ಚಿಬಿಟ್ಟಿವೆ. ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಸಾಂಬ್ರಾ, ಮಂಗಳೂರಿನ ಬಜ್ಪೆ, ಮೈಸೂರಿನ ಮಂಡಕಳ್ಳಿ, ಕಲಬುರ್ಗಿ, ಶಿವಮೊಗ್ಗಗಳ ನಿಲ್ದಾಣಗಳಿಗೂ ಇದೇ ಲೆಕ್ಕವು ಅನ್ವಯಿಸುವದು. ಬೀದರದ ವಾಯುಪಡೆಯ ನೆಲೆ, ಕಾರವಾರದ ನೌಕಾನೆಲೆ, ಕೈಗಾದ ಅಣುವಿದ್ಯುತ್ ಕೇಂದ್ರ, ಚಳ್ಳಕೆರೆಯ ಬಳಿಯ ರಕ್ಷಣಾ ಪರೀಕ್ಷಾ ಕ್ಷೇತ್ರ, ಇವುಗಳ ಸಮೀಪಕ್ಕೆ ಆಟದ ಯಂತ್ರವನ್ನು ಒಯ್ಯುವದೇ ಅವಿವೇಕ.

ನಕ್ಷೆಯಲ್ಲಿ ಹಸಿರಿದ್ದ ಮಾತ್ರಕ್ಕೆ ಎಲ್ಲವೂ ಸಲ್ಲುವದೆಂದೂ ತಿಳಿಯಬಾರದು. ಹಸಿರು ಬಣ್ಣವು ಆಕಾಶದ ಮಾತು; ನಿಲ್ಲುವ ನೆಲ ಬೇರೊಬ್ಬರದು. ಹಂಪೆ, ಬಾದಾಮಿ, ಪಟ್ಟದಕಲ್ಲುಗಳಂಥ ರಕ್ಷಿತ ಸ್ಮಾರಕಗಳಲ್ಲಿ ಪುರಾತತ್ವ ಇಲಾಖೆಯ ಅನುಮತಿ ಬೇಕು. ಅಭಯಾರಣ್ಯಗಳಲ್ಲಿ ಅರಣ್ಯ ಇಲಾಖೆಯ ಅನುಮತಿ ಬೇಕು. ರಂಗನತಿಟ್ಟಿನಲ್ಲಿ ಗೂಡು ಕಟ್ಟಿದ ಹಕ್ಕಿಗೆ ಈ ಯಂತ್ರದ ಝೇಂಕಾರವು ಹದ್ದಿನ ರೆಕ್ಕೆಯಂತೆಯೇ ಭಯವನ್ನುಂಟುಮಾಡುವದು. ಜಾತ್ರೆಯ ತೇರಿನ ಮೇಲೆ, ಸಭೆಯ ಜನಜಂಗುಳಿಯ ಮೇಲೆ ಹಾರಿಸುವದು ಅಪಾಯ. ರೆಕ್ಕೆ ಮುರಿದರೆ ಕೆಳಗಿರುವದು ಮಕ್ಕಳ ತಲೆ. ಪರರ ಅಂಗಳದ ಮೇಲೆ, ಹೆಣ್ಣುಮಕ್ಕಳು ಸ್ನಾನ ಮಾಡುವ ಹೊಳೆಯ ಘಟ್ಟದ ಮೇಲೆ ಕ್ಯಾಮರಾ ಕಟ್ಟಿದ ಯಂತ್ರವನ್ನು ಸುಳಿಸುವದು ವಿನೋದವಲ್ಲ, ಅಸಭ್ಯತೆ. ಅದಕ್ಕೆ ದಂಡಸಂಹಿತೆಯಲ್ಲಿಯೇ ಶಿಕ್ಷೆಯುಂಟು.

ಹಾಗಾದರೆ ಉಳಿಯುವ ಎಡೆಗಳಾವುವು? ಕೊಯ್ಲಾದ ಮೇಲಿನ ಎರೆಹೊಲ, ಒಡೆಯನ ಒಪ್ಪಿಗೆಯಿದ್ದರೆ ಇದಕ್ಕಿಂತ ಒಳ್ಳೆಯ ಬಯಲಿಲ್ಲ. ಬಿದ್ದ ಯಂತ್ರಕ್ಕೂ ಮೆತ್ತಗಿನ ನೆಲ. ರಜೆಯ ದಿನಗಳಲ್ಲಿ ಪ್ರಾಂಶುಪಾಲರ ಒಪ್ಪಿಗೆ ಪಡೆದ ಕಾಲೇಜಿನ ಮೈದಾನ. ಹಕ್ಕಿಗಳು ಬೀಡುಬಿಡದ, ನೀರಾರಿದ ಕೆರೆಯಂಗಳ, ಅದಕ್ಕೂ ಗ್ರಾಮ ಪಂಚಾಯತಿಯವರನ್ನು ಕೇಳಿಯೇ. ವಿದ್ಯುತ್ ತಂತಿಗಳಿಂದ ದೂರ, ಗಾಳಿ ಏಳುವ ಮುನ್ನ ಬೆಳಗಿನ ಹೊತ್ತು. ನೋಂದಣಿಯ ಕಾಗದವೂ, ವಿಮೆಯ ಕಾಗದವೂ, ಅದೇ ದಿನ ನೋಡಿದ ನಕ್ಷೆಯ ಪ್ರತಿಯೂ ಕಿಸೆಯಲ್ಲಿರಲಿ. ಸಮೀಪದ ಠಾಣೆಗೆ ಹಿಂದಿನ ದಿನವೇ ಒಂದು ಚೀಟಿ ಬರೆದುಕೊಟ್ಟರೆ ಇನ್ನೂ ಉತ್ತಮ. ಕಾಯಿದೆಯು ಇದನ್ನು ಹಸಿರು ವಲಯದಲ್ಲಿ ಕೇಳುವದಿಲ್ಲ, ನಿಜ. ಆದರೆ ಅರಿಯದವನ ಭಯವನ್ನು ಮೊದಲೇ ಕಳೆಯುವದು ಅರಿತವನ ಧರ್ಮ.

ಅಧಿಕಾರಿಗಳ ಭಯವು ನಿರಾಧಾರವೆಂದು ನಾವು ಹೇಳುವದಿಲ್ಲ. ೨೦೨೫ನೆಯ ಮೇ ತಿಂಗಳಲ್ಲಿ ಪಶ್ಚಿಮದ ಗಡಿಯಲ್ಲಿ ಕದನವಾದಾಗ ಡ್ರೋನುಗಳು ಆಯುಧಗಳಾಗಿ ಬಂದುದನ್ನು ದೇಶವೆಲ್ಲ ಕಂಡಿತು. ಅಂಥ ಕಾಲದಲ್ಲಿ ಆಟವನ್ನು ನಿಲ್ಲಿಸಿರೆಂದರೆ ನಿಲ್ಲಿಸುವದು ಪೌರನ ಕರ್ತವ್ಯ. ಆದರೆ ಕದನದ ಕಾಲದ ಕಟ್ಟು ಶಾಂತಿಯ ಕಾಲದ ಅಭ್ಯಾಸವಾಗಬಾರದು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರವು ಪ್ರಕಟಿಸಿ ಜನಾಭಿಪ್ರಾಯ ಕೇಳಿದ ಡ್ರೋನ್ ಮಸೂದೆಯ ಕರಡಿನಲ್ಲಿ ಸೆರೆವಾಸದ ಶಿಕ್ಷೆಯೂ, ಯಂತ್ರವನ್ನು ಜಪ್ತಿ ಮಾಡುವ ಅಧಿಕಾರವೂ ಸೇರಿದ್ದವು. ನಕ್ಷೆಯನ್ನೇ ಕಾಣದ ಠಾಣೆಯ ಕೈಗೆ ಅಂಥ ಅಧಿಕಾರವನ್ನು ಕೊಟ್ಟರೆ, ಬೆಂಚಿನ ತುದಿಯಲ್ಲಿ ಕುಳಿತ ಆ ಹುಡುಗನ ಗತಿಯೇನಾಗುತ್ತಿತ್ತೆಂಬುದನ್ನು ಶಾಸನಕರ್ತರು ಯೋಚಿಸಬೇಕು.

ದೇಶಕ್ಕೆ ಸ್ವದೇಶೀ ಡ್ರೋನುಗಳು ಬೇಕೆಂದು ಸರಕಾರವೇ ಸಾರುತ್ತಿದೆ. ಆಮದನ್ನು ತಡೆದುದೂ ಆ ಉದ್ದೇಶದಿಂದಲೇ. ಯಂತ್ರಗಳನ್ನು ಕಟ್ಟುವ ಕೈಗಳು ಎಲ್ಲಿಂದ ಬರಬೇಕು? ೧೯೪೦ನೆಯ ಡಿಸೆಂಬರಿನಲ್ಲಿ ವಾಲಚಂದ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದಾಗ ನಮ್ಮ ನಾಡು ಈ ವಿದ್ಯೆಯಲ್ಲಿ ಮುಂದಡಿಯಿಟ್ಟಿತು. ಇಂದು ಆ ವಿದ್ಯೆಯು ಹುಡುಗನ ಮೇಜಿಗೆ ಇಳಿದು ಬಂದಿದೆ. ಅಮೆರಿಕದಲ್ಲಿ ೧೯೩೬ರಲ್ಲಿಯೇ ಸ್ಥಾಪಿತವಾದ ಅಕಾಡೆಮಿ ಆಫ್ ಮಾಡೆಲ್ ಏರೊನಾಟಿಕ್ಸ್ ಎಂಬ ಸಂಸ್ಥೆಗೆ ಸೇರಿದ ಸಂಘಗಳು ಊರೂರಿಗೆ ತಮ್ಮ ಹಾರಾಟದ ಬಯಲುಗಳನ್ನು ಇಟ್ಟುಕೊಂಡಿವೆ. ಅಲ್ಲಿಯ ಸರಕಾರವೂ ಅಂಥ ಕೆಲವು ಬಯಲುಗಳನ್ನು ಗುರುತಿಸಿ ರಿಯಾಯತಿಯನ್ನು ಕೊಟ್ಟಿದೆ. ಅಲ್ಲಿ ಹಿರಿಯನು ಕಿರಿಯನಿಗೆ ಕಲಿಸುತ್ತಾನೆ, ತಪ್ಪಿದವನನ್ನು ಸಂಘವೇ ತಿದ್ದುತ್ತದೆ. ಪೋಲೀಸಿನವನ ಕೆಲಸವು ಹಗುರಾಗುವದು.

ಆದುದರಿಂದ ಮೂರು ಬಿನ್ನಹಗಳನ್ನು ಅಧಿಕಾರಿವರ್ಗದ ಮುಂದಿಡುವೆವು. ಮೊದಲನೆಯದು: ಆಕಾಶದ ನಕ್ಷೆಯನ್ನು ತೆರೆದು ನೋಡುವ ಕ್ರಮವನ್ನೂ ನಿಯಮಗಳ ಸಾರವನ್ನೂ ಒಂದು ಪುಟದ ಕನ್ನಡ ತಿಳುವಳಿಕೆಯಾಗಿ ಅಚ್ಚು ಮಾಡಿಸಿ ಪ್ರತಿಯೊಂದು ಠಾಣೆಯ ಗೋಡೆಗೆ ಹಚ್ಚಬೇಕು. ಎರಡನೆಯದು: ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳು ಹಸಿರು ವಲಯದಲ್ಲಿ ಒಂದಾದರೂ ಸರಕಾರಿ ಬಯಲನ್ನು ಗುರುತಿಸಿ, ವಾರಕ್ಕೊಂದು ಬೆಳಿಗ್ಗೆ ಹವ್ಯಾಸಿಗಳಿಗೆ ಬಿಟ್ಟುಕೊಡಬೇಕು, ಮೇಲ್ವಿಚಾರಣೆಗೆ ಎನ್.ಸಿ.ಸಿ.ಯ ವಾಯು ವಿಭಾಗದವರೂ ಇಂಜಿನಿಯರಿಂಗ್ ಕಾಲೇಜುಗಳೂ ಒದಗಬಹುದು. ಮೂರನೆಯದು: ಯಂತ್ರವನ್ನು ಹಿಡಿದಿಟ್ಟರೆ ಯಾವ ನಿಯಮದ ಮೇರೆಗೆಂದು ಬರಹದಲ್ಲಿ ತಿಳಿಸಬೇಕು; ತಪ್ಪಿಲ್ಲವೆಂದು ಕಂಡ ದಿನವೇ ಹಿಂತಿರುಗಿಸಬೇಕು. ಇವುಗಳಲ್ಲಿ ಯಾವುದಕ್ಕೂ ಹೊಸ ಕಾಯಿದೆ ಬೇಡ, ದೊಡ್ಡ ವೆಚ್ಚ ಬೇಡ.

ತರುಣರಿಗೂ ಒಂದು ಮಾತು. ಸ್ವಾತಂತ್ರ್ಯವು ಕಾಗದದ ಮೇಲೆ ದೊರೆತ ಮಾತ್ರಕ್ಕೆ ಕೈಗೆ ಬರುವದಿಲ್ಲ. ಅದನ್ನು ನೆರೆಯವನು ಒಪ್ಪುವಂತೆ ಬಳಸಿ ತೋರಿಸಬೇಕು. ನಿಮ್ಮಲ್ಲಿ ಒಬ್ಬನು ಮದುವೆಯ ಚಪ್ಪರದ ಮೇಲೆ ಯಂತ್ರವನ್ನು ಕೆಡವಿದರೆ ನೂರು ಜನರ ಆಕಾಶವು ಮುಚ್ಚುವದು.

ನಮ್ಮ ಗುಮಾಸ್ತರ ಮಗನು ಈಗ ವಿಮೆ ಮಾಡಿಸಿದ್ದಾನೆ. ಹೊಲದ ಒಡೆಯನ ಬಳಿಗೆ ತಾನೇ ಹೋಗಿ ಕೇಳಿದನು, ಆ ಗೌಡರು, "ನಮ್ಮ ಬಾವಿಯ ಆಚೆಗಿನ ಬದು ಎಲ್ಲಿ ಒಡೆದಿದೆ, ಮೇಲಿನಿಂದ ನೋಡಿ ಹೇಳುತ್ತೀಯೇನೋ ತಮ್ಮಾ?" ಎಂದರಂತೆ. ಅವನು ಹಾರಿಸಿ ನೋಡಿ ಹೇಳಿದನು. ಅಪ್ಪಣೆ ಕೇಳಲು ಅವನಿಗೆ ತಗಲಿದ್ದು ಕಾಲು ಗಂಟೆ. ತಪ್ಪಿಲ್ಲದ ಯಂತ್ರವನ್ನು ಬಿಡಲು ಸರಕಾರಕ್ಕೆ ಹನ್ನೊಂದು ದಿವಸ. ಇವೆರಡರ ಅಂತರವನ್ನು ಕಡಿಮೆ ಮಾಡುವದು ಅಧಿಕಾರಿಗಳ ಕೈಯಲ್ಲಿರುವದು.