ಜೊತೆಯವರ ಮನಸ್ಸು ಕುಗ್ಗಿದಾಗ

ಜ್ವರವನ್ನು ಕೈಯಿಂದ ಮುಟ್ಟಿ ತಿಳಿಯಬಹುದು. ಮನಸ್ಸಿನ ಬೇನೆ ಹಲವೊಮ್ಮೆ ಮೊದಲು ಕೆಲಸದಲ್ಲಿ ಕಾಣುತ್ತದೆ. ಬೋರಗಾಂವದ ಸುತ್ತಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಿಪ್ಪಾಣಿ ಭಾಗದಲ್ಲಿ ಬೀಡಿ ಕಟ್ಟುವವರಿಗೆ ಸಾವಿರದ ಲೆಕ್ಕದಲ್ಲಿ ಕೂಲಿ. ದಿನಾ ಸಾವಿರ ಕಟ್ಟುವ ಕೈ ಐದುನೂರಕ್ಕೆ ನಿಂತರೆ, ಸೋಮಾರಿತನ ಎನ್ನುವ ಮುನ್ನ ಊಟ, ನಿದ್ದೆ ವಿಚಾರಿಸಿ. ಇಚಲಕರಂಜಿಯ ಮಗ್ಗಗಳ ಸದ್ದಿನಲ್ಲಿ ಮಾತು ಕೇಳಿಸದು. ಅಲ್ಲಿ ದುಡಿಯುವವರಿಗೆ ಚಹಾದ ಹೊತ್ತೇ ಸರಿ. “ಯಾಕ ತಮ್ಮಾ, ಸಪ್ಪಗ ಆಗೀಯಲ್ಲ?” ಎಂದು ಕೇಳಿ, ಸುಮ್ಮನೆ ಕುಳಿತುಕೊಳ್ಳಿ. “ಧೈರ್ಯ ತಗೋ” ಎಂಬ ಉಪದೇಶ ಅವನಿಗೆ ಈಗಾಗಲೇ ಸಾಕಷ್ಟು ಸಿಕ್ಕಿರುತ್ತದೆ. ಹೇಳಿದ್ದನ್ನು ಮುಕಾದಮನ ಕಿವಿಗೆ ಹಾಕಬೇಡಿ.

ಬೇಸರ, ನಿದ್ರಾಹೀನತೆ, ನಿರಾಸಕ್ತಿ ಎರಡು ವಾರ ಮೀರಿದರೆ ವೈದ್ಯರನ್ನು ಕಾಣಬೇಕು. ಖಿನ್ನತೆಯ ಮಾತ್ರೆಗಳು ನಿದ್ದೆಗುಳಿಗೆಗಳಲ್ಲ. ಗುಣ ಕಾಣಲು ಕೆಲವು ವಾರ ಬೇಕು. ನಡುವೆ ತಾವಾಗಿ ನಿಲ್ಲಿಸಬಾರದು. ಸಾಯುವ ಮಾತು ಬಂದರೆ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅಂಥವರನ್ನು ಒಂಟಿಯಾಗಿ ಬಿಡಬೇಡಿ, ಹೊಲದ ಕೀಟನಾಶಕ ಕೈಗೆ ಸಿಗದಂತೆ ಇಡಿ.

“ಧಾರವಾಡಕ್ಕ ಕಳಸಬೇಕು” ಎಂಬ ಚೇಷ್ಟೆ ನಮ್ಮ ಕಡೆ ಇನ್ನೂ ಉಂಟು. ಈ ನಗೆಗೆ ಹೆದರಿಯೇ ಎಷ್ಟೋ ಜನ ಬಾಯಿ ಬಿಡುವುದಿಲ್ಲ. ಧಾರವಾಡದ ಡಿಮಾನ್ಸ್ ಈಗ ಮಾನಸಿಕ ಆರೋಗ್ಯ ಹಾಗೂ ನರವಿಜ್ಞಾನ ಸಂಸ್ಥೆ; ಔಷಧಿ ಪಡೆದು ಅಂದೇ ಮನೆಗೆ ಮರಳುವವರೂ ಅಲ್ಲಿಗೆ ಹೋಗುತ್ತಾರೆ. ಅಷ್ಟು ದೂರ ಬೇಡವೆಂದರೆ ಬೆಳಗಾವಿಯ ಜಿಲ್ಲಾಸ್ಪತ್ರೆ ಇದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಫೋನ್ ಮಾಡಬಹುದು. ಕನ್ನಡವಷ್ಟೇ ಅಲ್ಲ, ಮರಾಠಿಯಲ್ಲೂ ಮಾತಾಡಬಹುದು. ಮೊದಲ ಸಲ ಆಸ್ಪತ್ರೆಗೆ ಹೊರಟಾಗ ಒಂದು ದಿನದ ರಜೆ ಹಾಕಿ ನೀವೂ ಜೊತೆಗೆ ಹೋಗಿ.